ಹೊಂಡ ತೋಡಿದ್ದಾಯ್ತು, ಊರಿಗೆ ಏನನ್ನಿಸಿತು? ಹವಾಮಾನ ಹೊಂದಾಣಿಕೆಯ ಕೆಲಸಗಳ ಬಗ್ಗೆ ಜನರ ಅನಿಸಿಕೆ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೃಷಿ ಹೊಂಡ, ಬದು, ಚೆಕ್ ಡ್ಯಾಮ್, ಕೆರೆ ತುಂಬಿಸುವುದು, ಬರ ತಡೆಯುವ ತಳಿ, ಬೆಳೆ ವಿಮೆ. ಇವೆಲ್ಲ ಮಳೆ ಕೈಕೊಟ್ಟಾಗ ಊರು ತಡೆದುಕೊಳ್ಳಲಿ ಅಂತ ಮಾಡುವ ಕೆಲಸಗಳು. ಇವುಗಳಿಂದ ನಿಜಕ್ಕೂ ಅನುಕೂಲ ಆಯಿತಾ ಎಂದು ಊರವರನ್ನೇ ಕೇಳಲು ಹೊರಟ ಸಂಘಗಳು, ವಿದ್ಯಾರ್ಥಿಗಳು, ಪಂಚಾಯಿತಿ ಸದಸ್ಯರು ನಮ್ಮನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದ ಒಣ ಬೇಸಾಯದ ಊರುಗಳವು. ನಾನು ಓಡಾಡಿದ್ದು ಅಲ್ಲೇ ಜಾಸ್ತಿ.

ಹೊಂಡದಲ್ಲಿ ನೀರೆಷ್ಟು, ಇಳುವರಿ ಎಷ್ಟು ಅಂತ ಅಳೆದರೆ ಸಾಲದಾ? ಅನಿಸಿಕೆ ಯಾಕೆ ಬೇಕು?

ನೀರನ್ನೂ ಇಳುವರಿಯನ್ನೂ ಖಂಡಿತ ಅಳೆಯಬೇಕು. ಆದರೆ ಅದು ಅರ್ಧ ಕಥೆ ಮಾತ್ರ.

ಒಂದು ಲೆಕ್ಕ ನೋಡಿ. ಮೇಲೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ, ಬದಿಗಳು ಇಳಿಜಾರು. ಇಂಥ ಹೊಂಡ ತುಂಬಿದರೆ ಹತ್ತಿರ ಹತ್ತಿರ 10 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆಗೆ 25 ಮಿಲಿಮೀಟರ್ ಮಳೆಯಷ್ಟು ನೀರು ಕೊಡಲು 1 ಲಕ್ಷ ಲೀಟರ್ ಬೇಕು. ಅಂದರೆ ಕಾಳು ಕಟ್ಟುವ ಹೊತ್ತಿಗೆ ಮಳೆ ನಿಂತುಹೋದರೆ 4 ಎಕರೆಗೆ ಎರಡು ಸಲ ನೀರು ಹಾಯಿಸಬಹುದು. ಕಾಗದದ ಮೇಲೆ ಬೆಳೆ ಉಳಿಯಿತು.

ಹೊಲದಲ್ಲಿ ಹಾಗೇ ಆಗಬೇಕೆಂದಿಲ್ಲ. ಪಂಪಿಗೆ ಡೀಸೆಲ್ ತರಲು ಕೈಯಲ್ಲಿ ದುಡ್ಡು ಇರಬೇಕು. 'ಇನ್ನೆರಡು ದಿನಕ್ಕೆ ಮಳೆ ಬರಬಹುದು, ನೀರು ಉಳಿಸೋಣ' ಎಂದು ಕಾಯುತ್ತಾ ಕೂತರೆ ಹೊತ್ತು ಮೀರುತ್ತದೆ. ಪಕ್ಕದವನ ಹೊಂಡ ಒಣಗಿದ್ದನ್ನು ನೋಡಿದವನು ತನ್ನ ಹೊಲದಲ್ಲಿ ತೋಡಿಸಲು ಹೋಗುವುದಿಲ್ಲ. ಈ ತೀರ್ಮಾನಗಳೆಲ್ಲ ಆಗುವುದು ಜನರ ಮನಸ್ಸಿನಲ್ಲಿ. ಮಳೆ ಮಾಪಕ ಅದನ್ನು ಹೇಳುವುದಿಲ್ಲ.

2015ರ ಪ್ಯಾರಿಸ್ ಒಪ್ಪಂದದ 7ನೇ ವಿಧಿಯೂ ಹೊಂದಾಣಿಕೆಯ ಕೆಲಸದಲ್ಲಿ ಜನರು ಪಾಲುಗೊಳ್ಳಬೇಕು, ದುರ್ಬಲರನ್ನೂ ಊರಿನ ತಿಳಿವಳಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ. ನಮ್ಮಲ್ಲಿ 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಯಲ್ಲೇ ಉಪಗ್ರಹ ಚಿತ್ರಗಳ ಜೊತೆಗೆ ಮನೆಗಳ ಸಮೀಕ್ಷೆಯೂ ನಡೆದಿತ್ತು. ಮೇಲಿಂದ ನೋಡಿದರೆ ಹಸಿರು ಕಾಣುತ್ತದೆ. ಅದು ಯಾರ ಹೊಲದ ಹಸಿರು ಅಂತ ಊರಿನವರೇ ಹೇಳಬೇಕು.

'ನಿಮಗೆ ಉಪಯೋಗ ಆಯ್ತಾ?' ಅಂತ ನೇರವಾಗಿ ಕೇಳಿದರೆ ಏನು ತಪ್ಪು?

ಉತ್ತರ ಮೊದಲೇ ಗೊತ್ತು: 'ಹೂಂ, ಆಯ್ತು.'

ನಾನು ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಕೊಪ್ಪಳದ ಕಡೆಯ ಒಂದು ಊರಿಗೆ ಹೋಗಿದ್ದೆ. ಮಸಾರಿ (ಕೆಂಪು ಮಣ್ಣಿನ) ಭೂಮಿ, ನೀರು ಬೇಗ ಇಂಗಿಹೋಗುತ್ತದೆ. ಹಾಗಾಗಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು. ಒಬ್ಬ ಹಿರಿಯ ರೈತರನ್ನು ಕೇಳಿದೆ. 'ಹೊಂಡ ಛಲೋ ಐತ್ರಿ' ಅಂದರು. ನಾನು 5ಕ್ಕೆ 5 ಬರೆದುಕೊಂಡೆ. ಎದ್ದು ಹೊರಡುವಾಗ ಸುಮ್ನೆ ಕೇಳಿದೆ: 'ಹೋದ ವರ್ಷ ನೀರು ಎಷ್ಟು ದಿನ ನಿಂತಿತ್ತು?' ಅವರು ನಕ್ಕರು. 'ನೀರು ಎಲ್ಲೈತ್ರಿ? ಹಾಳಿ ಹರದು ಎರಡು ವರ್ಷ ಆತು.'

ಅವರು ಸುಳ್ಳು ಹೇಳಿರಲಿಲ್ಲ. ಹೊಂಡ ಎಂಬ ಯೋಚನೆ ಒಳ್ಳೆಯದೇ. ಮೊದಲ ವರ್ಷ ನೀರೂ ನಿಂತಿತ್ತು. ಜೊತೆಗೆ, ಮನೆಗೆ ಬಂದವರ ಮುಂದೆ, ಅದೂ ಕೈಯಲ್ಲಿ ಪುಸ್ತಕ ಹಿಡಿದು ಬಂದವರ ಮುಂದೆ, ಸರ್ಕಾರ ಕೊಟ್ಟದ್ದನ್ನು ಚೆನ್ನಾಗಿಲ್ಲ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಮುಂದಿನ ಸಲದ ಸಹಾಯಧನ ತಪ್ಪೀತು ಎಂಬ ಭಯವೂ ಇರುತ್ತದೆ. ತಪ್ಪು ನನ್ನ ಪ್ರಶ್ನೆಯಲ್ಲಿತ್ತು. ಅವತ್ತು ಬರೆದುಕೊಂಡ ಹಾಳೆಗಳನ್ನೆಲ್ಲ ಬದಿಗಿಟ್ಟು ಮತ್ತೆ ಮೊದಲಿನಿಂದ ಮನೆ ಮನೆಗೆ ಹೋದೆ.

ಅಂದಿನಿಂದ 'ಉಪಯೋಗ ಆಯ್ತಾ' ಅಂತ ಕೇಳುವುದನ್ನು ಬಿಟ್ಟೆ. ಯಾವ ವರ್ಷ, ಯಾವ ಬೆಳೆಗೆ, ಎಷ್ಟು ದಿನ, ಯಾರಿಗೆ ಅಂತ ಕೇಳುತ್ತೇನೆ. ಅನಿಸಿಕೆಯ ಪ್ರಶ್ನೆ ಕೊನೆಗೆ. ಅಷ್ಟು ಹೊತ್ತಿಗೆ ಅವರಿಗೂ ನೆನಪು ತಾಜಾ ಆಗಿರುತ್ತದೆ.

'ಪರವಾಗಿಲ್ಲ' ಅಂದರೆ ಎಷ್ಟು ಅಂಕ ಕೊಡಬೇಕು?

ಕನ್ನಡದಲ್ಲಿ ಸಮೀಕ್ಷೆ ಮಾಡುವವರಿಗೆ ಇದಕ್ಕಿಂತ ಕಷ್ಟದ ಪದ ಇನ್ನೊಂದಿಲ್ಲ. ಒಬ್ಬರ 'ಪರವಾಗಿಲ್ಲ' ಎಂದರೆ ಚೆನ್ನಾಗಿದೆ. ಇನ್ನೊಬ್ಬರದು 'ಹೇಗೋ ನಡೀತಿದೆ'. ಮತ್ತೊಬ್ಬರದು 'ಈ ಮಾತು ಇಲ್ಲಿಗೆ ಬಿಡಿ'. ಹೇಳುವ ದನಿ ಬೇರೆ ಬೇರೆ, ಹಾಳೆಯ ಮೇಲೆ ಮಾತ್ರ ಮೂರೂ ಒಂದೇ.

ದಯವಿಟ್ಟು ಅದನ್ನು ನೀವಾಗಿಯೇ 3 ಅಂತ ಬರೆಯಬೇಡಿ. 'ಮಳೆ ಕಡಿಮೆ ಆದ ವರ್ಷವೂ ಪರವಾಗಿಲ್ವಾ?' ಎಂದು ಇನ್ನೊಂದು ಮಾತು ಕೇಳಿ. ಅರ್ಥ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಅವರ ಮಾತನ್ನು ಹೇಳಿದ ಹಾಗೇ ಬರೆದಿಟ್ಟುಕೊಳ್ಳಿ, ಅಂಕ ಆಮೇಲೆ.

'ಹವಾಮಾನ ಬದಲಾವಣೆ', 'ಹೊಂದಾಣಿಕೆ' ಎಂಬ ಪದಗಳನ್ನು ಬಳಸಬೇಕಾ?

ವರದಿಯಲ್ಲಿ ಬಳಸಿ. ಕಟ್ಟೆಯ ಮೇಲೆ ಕೂತಾಗ ಬೇಡ. ಹವಾಮಾನ ಅಂದರೆ ಬಹಳ ಜನರಿಗೆ ಟಿವಿಯಲ್ಲಿ ಬರುವ ನಾಳೆಯ ಸುದ್ದಿ. ಮಳೆಯ ಬಗ್ಗೆ ಕೇಳಿ ನೋಡಿ, ಒಂದು ಗಂಟೆ ಮಾತಾಡುತ್ತಾರೆ. ಅದೂ ತಿಂಗಳ ಲೆಕ್ಕದಲ್ಲಿ ಅಲ್ಲ, ನಕ್ಷತ್ರದ ಲೆಕ್ಕದಲ್ಲಿ. ರೋಹಿಣಿ, ಮೃಗಶಿರ, ಮಘೆ, ಹುಬ್ಬೆ, ಉತ್ತರೆ, ಸ್ವಾತಿ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎನ್ನುವ ಊರಿನಲ್ಲಿ 'ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ಮಳೆ ಹೇಗಿತ್ತು' ಎಂದು ಕೇಳಿದರೆ ನೆನಪೇ ಬರುವುದಿಲ್ಲ. ರೋಹಿಣಿ ಮಳೆ ಹೇಗಿತ್ತು ಅನ್ನಿ ಸಾಕು.

ಯಾವ ವರ್ಷದ ಬಗ್ಗೆ ಕೇಳಬೇಕು?

ಕೆಟ್ಟ ವರ್ಷದ ಬಗ್ಗೆ. ಇದೊಂದನ್ನು ಮರೆಯಬೇಡಿ. ಮಳೆ ಚೆನ್ನಾಗಿ ಬಂದ ವರ್ಷ ಹೊಂಡ ಇದ್ದವನೂ ಬೆಳೆಯುತ್ತಾನೆ, ಇಲ್ಲದವನೂ ಬೆಳೆಯುತ್ತಾನೆ. ಕಷ್ಟಕ್ಕೆ ಅಂತ ಮಾಡಿದ ಉಪಾಯದ ಪರೀಕ್ಷೆ ಕಷ್ಟದ ವರ್ಷದಲ್ಲೇ ಆಗಬೇಕು.

ಕರ್ನಾಟಕದಲ್ಲಿ ಈಚಿನ ದೊಡ್ಡ ಪರೀಕ್ಷೆ 2023. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನೆರೆ (ಪ್ರವಾಹ) ಬರುವ ಊರುಗಳಾದರೆ 2009ರ ಅಕ್ಟೋಬರ್ ಆಸುಪಾಸಿನ ಮಳೆಯನ್ನೂ 2019ರ ಆಗಸ್ಟನ್ನೂ ಯಾರೂ ಮರೆತಿಲ್ಲ. ಇಸವಿ ನೆನಪಾಗದಿದ್ದರೆ ಊರಿನ ಗುರುತುಗಳನ್ನು ಹಿಡಿಯಿರಿ. ಜಾತ್ರೆ ಸಣ್ಣದಾಗಿ ನಡೆದ ವರ್ಷ, ದನ ಮಾರಿದ ವರ್ಷ, ಮಗಳ ಮದುವೆ ಮುಂದೆ ಹೋದ ವರ್ಷ. ಹೀಗೆ ಹಿಡಿದರೆ ಹತ್ತು ವರ್ಷದ ಹಿಂದಿನದೂ ಬಾಯಿಗೆ ಬರುತ್ತದೆ.

ಏನೇನು ಕೇಳಬೇಕು?

1975ರಲ್ಲಿ ರೊನಾಲ್ಡ್ ರೋಜರ್ಸ್ ಎಂಬ ಮನೋವಿಜ್ಞಾನಿ, ಜನ ಅಪಾಯದಿಂದ ತಮ್ಮನ್ನು ಕಾಪಾಡಿಕೊಳ್ಳಲು ಯಾವಾಗ ಮುಂದಾಗುತ್ತಾರೆ ಎಂಬುದಕ್ಕೆ ಒಂದು ಸಿದ್ಧಾಂತ ಕೊಟ್ಟರು. ಆರೋಗ್ಯದ ವಿಷಯಕ್ಕೆ ಹುಟ್ಟಿದ್ದು, ಆಮೇಲೆ ನೆರೆಗೂ ಬರಕ್ಕೂ ಬಳಕೆಯಾಯಿತು. ಆಮೇಲೆ ಬೆಳೆದ ಅದರ ರೂಪವನ್ನು ನಮ್ಮ ಮಾತಿಗೆ ಇಳಿಸಿದರೆ ಹೀಗಾಗುತ್ತದೆ. ಮತ್ತೆ ಬರ ಬಂದರೆ ನಿಮಗೆ ಎಷ್ಟು ಪೆಟ್ಟು? ಈ ಹೊಂಡ ಆ ಪೆಟ್ಟನ್ನು ಎಷ್ಟು ತಡೆಯುತ್ತದೆ? ಅದನ್ನು ನೋಡಿಕೊಂಡು ಹೋಗುವುದು ನಿಮ್ಮ ಕೈಲಿ ಆಗುತ್ತಾ? ದುಡ್ಡು, ದುಡಿಮೆ, ಜಾಗ ಸೇರಿ ಎಷ್ಟು ಹೋಗುತ್ತದೆ?

ಈ ನಾಲ್ಕನ್ನೂ ಬೇರೆ ಬೇರೆಯಾಗಿ ಕೇಳಬೇಕು, ಬೆರೆಸಬಾರದು. ಹೊಂಡ ಕೆಲಸ ಮಾಡುತ್ತದೆ, ಆದರೆ ಹರಿದ ಹಾಳೆ ಬದಲಿಸುವುದು ನನ್ನ ಕೈಲಿ ಆಗದು ಎನ್ನುವ ರೈತನಿಗೆ ಬೇಕಾದದ್ದು ರಿಪೇರಿಗೆ ಸಹಾಯ. ಹೊಂಡದ ಮೇಲೇ ನಂಬಿಕೆ ಇಲ್ಲದವನಿಗೆ ಬೇಕಾದದ್ದು ಬೇರೆ. ಒಂದೇ ಪ್ರಶ್ನೆ ಕೇಳಿದ್ದರೆ ಇಬ್ಬರೂ 2 ಅಂಕ ಕೊಟ್ಟು ಒಂದೇ ಸಾಲಿನಲ್ಲಿ ಕೂರುತ್ತಿದ್ದರು.

ಇನ್ನೊಂದು ಪ್ರಶ್ನೆ ನನ್ನದು: 'ಸಹಾಯಧನ ಇಲ್ಲದಿದ್ದರೂ ಇದನ್ನು ಮಾಡಿಸುತ್ತಿದ್ದಿರಾ?' 2014ರಲ್ಲಿ ಬಂದ ಕೃಷಿ ಭಾಗ್ಯದಂಥ ಯೋಜನೆಯಲ್ಲಿ ಖರ್ಚಿನ ದೊಡ್ಡ ಪಾಲನ್ನು ಸರ್ಕಾರವೇ ಕೊಡುತ್ತದೆ. ಆಗ ಜನ ಮೆಚ್ಚುತ್ತಿರುವುದು ಹೊಂಡವನ್ನೋ ಸಹಾಯಧನವನ್ನೋ ಎಂಬುದು ಈ ಪ್ರಶ್ನೆಯಿಂದ ಸ್ವಲ್ಪ ಗೊತ್ತಾಗುತ್ತದೆ.

1ರಿಂದ 5ರವರೆಗಿನ ಅಂಕ ನಮ್ಮ ಹಳ್ಳಿಗಳಲ್ಲಿ ನಡೆಯುತ್ತದಾ?

'ಪೂರ್ತಿ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗಿನ ಈ ಏಣಿಯನ್ನು ರೆನ್ಸಿಸ್ ಲಿಕರ್ಟ್ 1932ರಲ್ಲಿ ಕೊಟ್ಟರು. ಓದಿ ಅಭ್ಯಾಸ ಇರುವವರಲ್ಲಿ ನಡೆಯುತ್ತದೆ. ಉಳಿದವರಲ್ಲಿ ಬೀಜಗಳು ವಾಸಿ.

ಹತ್ತು ಹುಣಸೆ ಬೀಜ ಕೊಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕದ ಮನೆಗಳನ್ನು ಹಾಕಿ. ಒಂದರಲ್ಲಿ ಹೊಂಡ, ಒಂದರಲ್ಲಿ ಬದು, ಒಂದರಲ್ಲಿ ಅಕ್ಕಡಿ ಸಾಲು (ಮುಖ್ಯ ಬೆಳೆಯ ನಡುವೆ ಬಿತ್ತುವ ಬೇರೆ ಬೆಳೆ), ಇನ್ನೊಂದರಲ್ಲಿ ಬೆಳೆ ವಿಮೆ. '2023ರಲ್ಲಿ ನಿಮ್ಮನ್ನು ಕೈಹಿಡಿದದ್ದು ಯಾವುದು, ಅದರ ಮೇಲೆ ಜಾಸ್ತಿ ಬೀಜ ಇಡಿ.' ಹತ್ತೇ ಬೀಜ ಇರುವುದರಿಂದ ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಕಡಿಮೆ ಆಗುತ್ತದೆ. ಎಲ್ಲದಕ್ಕೂ 5 ಕೊಡಲು ದಾರಿಯಿಲ್ಲ. ಗುಂಪಿನಲ್ಲಿ ಮಾಡಿದರೆ ಒಬ್ಬರು ಇಟ್ಟ ಬೀಜವನ್ನು ಇನ್ನೊಬ್ಬರು ಎತ್ತಿ ಬೇರೆ ಕಡೆ ಇಡುತ್ತಾರೆ. ಆಗ ನಡೆಯುವ ವಾದವನ್ನು ಬರೆದುಕೊಳ್ಳಿ. ಅದರಲ್ಲಿ ಬೀಜಗಳ ಎಣಿಕೆಗಿಂತ ಹೆಚ್ಚು ವಿಷಯ ಇರುತ್ತದೆ.

ಒಂದು ಮಾತು: ಮನೆಗಳ ಸಾಲಿನಲ್ಲಿ 'ಯಾವುದೂ ಇಲ್ಲ, ಸಾಲ ಮಾಡಿದೆವು' ಮತ್ತು 'ಬೆಂಗಳೂರಿಗೆ ದುಡಿಯಲು ಹೋದೆವು' ಎಂಬ ಮನೆಗಳೂ ಇರಲಿ. ಎಷ್ಟೋ ಕಡೆ ಬೀಜಗಳು ಅಲ್ಲೇ ಬೀಳುತ್ತವೆ.

ಎಷ್ಟು ಜನರನ್ನು ಕೇಳಿದರೆ ಸಾಕು?

ಶೇಕಡಾ 10ರಷ್ಟು ಆಚೀಚೆ ಆದರೂ ಆಗಲಿ ಎಂದರೆ, 200 ಮನೆಗಳ ಊರಿನಲ್ಲಿ ಸುಮಾರು 65 ಮನೆ. ದೊಡ್ಡ ಪ್ರದೇಶವಾದರೆ 96. ಆ ದೊಡ್ಡ ಪ್ರದೇಶದಲ್ಲೇ ಶೇಕಡಾ 5ಕ್ಕೆ ಇಳಿಸಬೇಕೆಂದರೆ 384. ಇವು ಚೀಟಿ ಎತ್ತಿ ಮನೆ ಆರಿಸಿದಾಗ ಮಾತ್ರ ನಿಲ್ಲುವ ಲೆಕ್ಕಗಳು. ಬಸ್ ನಿಲ್ದಾಣದ ಹತ್ತಿರದ ಮೊದಲ 65 ಮನೆಗೆ ಹೋದರೆ ಈ ಲೆಕ್ಕಕ್ಕೆ ಅರ್ಥವಿಲ್ಲ.

ಯಾರನ್ನು ಕೇಳಬೇಕು? ಫಲಾನುಭವಿಗಳ ಪಟ್ಟಿ ಸಾಕಲ್ವಾ?

ಸಾಲದು. ಪಟ್ಟಿಯಲ್ಲಿ ಇರುವವರು ಹೊಂಡ ಸಿಕ್ಕವರು. ಸಿಗದವರು, ಅರ್ಜಿಯನ್ನೇ ಹಾಕದವರು, ಅರ್ಜಿ ಹಾಕಿ ಆಮೇಲೆ ಕೈಬಿಟ್ಟವರು ಅಲ್ಲಿ ಇರುವುದಿಲ್ಲ. ಒಂದೂವರೆ ಎಕರೆ ಇರುವವನು ಹೊಂಡಕ್ಕೆ ಅಂತ ನಾಲ್ಕೈದು ಗುಂಟೆ ಬಿಡಲಾರ. ಜಮೀನಿಲ್ಲದ ಕೂಲಿಕಾರರಿಗೆ ಹೊಂಡ ಬೇರೆಯದೇ ರೀತಿ ಕಾಣುತ್ತದೆ. ಜೆಸಿಬಿ ತೋಡಿದರೆ ಅವರಿಗೆ ಕೂಲಿಯೂ ಇಲ್ಲ.

ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿ. ಪಹಣಿ ಹೆಚ್ಚಾಗಿ ಅವರ ಹೆಸರಿನಲ್ಲಿ ಇರುವುದಿಲ್ಲ, ಹಾಗಾಗಿ ಪಟ್ಟಿಯಲ್ಲೂ ಇರುವುದಿಲ್ಲ. ಗಂಡಸರ ಮುಂದೆ 'ನೀವೂ ಹೇಳಿ ಅಕ್ಕಾ' ಅಂದರೆ 'ಅವರು ಹೇಳಿದ್ದೇ ನಂದು' ಎಂದು ಸುಮ್ಮನಾಗುತ್ತಾರೆ. ಸ್ವಸಹಾಯ ಸಂಘದ ವಾರದ ಸಭೆಗೆ ಹೋದರೆ ಮಾತೇ ಬೇರೆ. ಕುಡಿಯುವ ನೀರಿಗೆ ಎಷ್ಟು ಕೊಡ, ಎಷ್ಟು ದೂರ, ದನಕ್ಕೆ ಮೇವು ಎಲ್ಲಿಂದ.

ಇಂಥ ಒಂದು ಸಭೆಯಲ್ಲೇ ಹೊಂಡದ ಬೇಲಿಯ ಮಾತು ಮೊದಲು ಕೇಳಿದೆ. ಗಂಡಸರ ಗುಂಪಿನಲ್ಲಿ ಅದು ಬಂದೇ ಇರಲಿಲ್ಲ. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಕಾಲು ಜಾರಿದರೆ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಹೊಂಡಗಳಲ್ಲಿ ಮಕ್ಕಳು ಮುಳುಗಿ ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಆ ತಾಯಂದಿರಿಗೆ ಹೊಂಡದ ಬಗ್ಗೆ ಇರುವ ಮೊದಲ ಅನಿಸಿಕೆ ನೀರು ಅಲ್ಲ, ಭಯ. ನಮ್ಮ ಪ್ರಶ್ನೆಪಟ್ಟಿಯಲ್ಲಿ 'ಇದರಿಂದ ತೊಂದರೆ ಏನಾದರೂ ಆಗಿದೆಯಾ?' ಎಂಬ ಸಾಲು ಸೇರಿದ್ದು ಆಮೇಲೆ. ನಿಮ್ಮದರಲ್ಲಿ ಮೊದಲ ದಿನದಿಂದಲೇ ಇರಲಿ.

ಸರಾಸರಿ ತೆಗೆಯಬಹುದಾ?

ತೆಗೆಯಿರಿ, ಆದರೆ ಅದೊಂದನ್ನೇ ತೋರಿಸಬೇಡಿ. 30 ಜನರಲ್ಲಿ 15 ಮಂದಿ 5 ಕೊಟ್ಟು, 15 ಮಂದಿ 1 ಕೊಟ್ಟರೆ ಸರಾಸರಿ 3. 'ಊರಿಗೆ ಪರವಾಗಿಲ್ಲ ಅನ್ನಿಸಿದೆ' ಎಂದು ವರದಿ ಬರೆದರೆ, ಹಾಗೆ ಅಂದವರು ಆ ಊರಿನಲ್ಲಿ ಒಬ್ಬರೂ ಇಲ್ಲ. 1 ಕೊಟ್ಟ ಆ 15 ಮಂದಿ ಯಾರು? ಕೆಳಗಿನ ಕೇರಿಯವರಾ? ಇಳಿಜಾರಿನ ಮೇಲ್ಭಾಗದ ಹೊಲದವರಾ? ಅಲ್ಲಿಂದ ಕೆಲಸ ಶುರುವಾಗಬೇಕು.

ಜನರ ಮಾತಿಗೂ ಅಳತೆಗೂ ತಾಳೆ ಆಗದಿದ್ದರೆ ಯಾವುದನ್ನು ನಂಬಬೇಕು?

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನಡುವೆ ಇರುವ ಅಂತರವೇ ನಿಮಗೆ ಸಿಕ್ಕ ಮುಖ್ಯ ವಿಷಯ.

'ಮೊದಲಿನಂತೆ ಮಳೆ ಇಲ್ಲ' ಅಂತ ಊರು ಹೇಳುತ್ತದೆ. ವರ್ಷದ ಒಟ್ಟು ಮಳೆ ನೋಡಿದರೆ ಅಷ್ಟೇನೂ ಕಡಿಮೆ ಆಗಿರದೆ ಇರಬಹುದು. ಜನ ತಪ್ಪು ಹೇಳಿದರು ಅಂತ ಬರೆಯುವ ಮೊದಲು ಮಳೆ ದಿನಗಳನ್ನು ಎಣಿಸಿ. 24 ಗಂಟೆಯಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದು ಮಳೆ ದಿನ. ಆಮೇಲೆ ಎರಡು ಮಳೆಯ ನಡುವಿನ ಒಣ ದಿನಗಳನ್ನು ನೋಡಿ. ರೈತನಿಗೆ ಬೇಕಾದದ್ದು ಬಿತ್ತನೆ ಹೊತ್ತಿನ ಮಳೆ, ಕಾಳು ಕಟ್ಟುವಾಗಿನ ಮಳೆ. ಒಂದೇ ರಾತ್ರಿ ಸುರಿದು ಹಳ್ಳಕ್ಕೆ ಹರಿದುಹೋದದ್ದು ಅವನ ಲೆಕ್ಕದಲ್ಲಿ ಮಳೆಯೇ ಅಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇರುವುದರಿಂದ ಈ ಹೋಲಿಕೆಯನ್ನು ನಿಮ್ಮ ಪಂಚಾಯಿತಿಗೇ ಮಾಡಬಹುದು.

ಇನ್ನೊಂದು ಥರದ ಅಂತರ ಕೋಲಾರದಲ್ಲಿದೆ. ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ, ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದಲ್ಲಿ ಆ ಕಡೆಯ 126 ಕೆರೆಗಳಿಗೆ ಹರಿಸುವ ಗುರಿ ಇತ್ತು. 2018ರಲ್ಲಿ ನೀರು ಬಂತು. ಒಣಗಿದ್ದ ಕೆರೆ ತುಂಬಿತು, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು ಎಂದು ಸಂತೋಷ ಪಟ್ಟವರಿದ್ದಾರೆ. ಅದೇ ಜಿಲ್ಲೆಯಲ್ಲಿ ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂದು ಹೋರಾಡುತ್ತಿರುವವರೂ ಇದ್ದಾರೆ. ಎಷ್ಟೋ ಸಲ ಎರಡೂ ಮಾತು ಒಬ್ಬರದೇ ಬಾಯಿಂದ ಬರುತ್ತದೆ. ನೀರು ಬಂದದ್ದಕ್ಕೆ 5, ಆ ನೀರಿನ ಮೇಲಿನ ನಂಬಿಕೆಗೆ 1. ನೀರಿನ ಮಟ್ಟವನ್ನಷ್ಟೇ ಅಳೆದವರ ಹಾಳೆಯಲ್ಲಿ ಆ 1ಕ್ಕೆ ಜಾಗವೇ ಇಲ್ಲ.

ಒಬ್ಬರಿಗೆ ಉಪಾಯ, ಇನ್ನೊಬ್ಬರಿಗೆ ಪೆಟ್ಟು ಆದರೆ?

ಆಗುತ್ತದೆ, ಹಾಗಾಗಿ ಪಕ್ಕದ ಊರನ್ನೂ ಕೇಳಬೇಕು. ಕರಾವಳಿಯಲ್ಲಿ ಕಡಲ್ಕೊರೆತಕ್ಕೆ ಒಂದು ಕಡೆ ಕಲ್ಲಿನ ತಡೆಗೋಡೆ ಕಟ್ಟಿದರೆ, ಮರಳಿನ ಓಟ ತಪ್ಪಿ ಅದರಾಚೆಯ ದಡ ಕೊರೆಯಬಹುದು. ಗೋಡೆಯ ಹಿಂದಿನ ಮನೆಯವರು ಬದುಕಿದೆವು ಅನ್ನುತ್ತಾರೆ. ಅರ್ಧ ಕಿಲೋಮೀಟರ್ ಆಚೆ ತೆಂಗಿನ ಮರ ಕಡಲಿಗೆ ಬೀಳುತ್ತಿರುತ್ತದೆ. ಒಣ ಭೂಮಿಯಲ್ಲಿ ಇದು ಇನ್ನೊಂದು ರೂಪದಲ್ಲಿ ಬರುತ್ತದೆ. ಮಳೆ ನೀರಿಗೆ ಅಂತ ತೋಡಿದ ಹೊಂಡಕ್ಕೆ ಬೋರ್‌ವೆಲ್ ನೀರು ತುಂಬಿಸಿಟ್ಟುಕೊಳ್ಳುವುದು. ಮಹಾರಾಷ್ಟ್ರದಲ್ಲಿ ಇದು ದೊಡ್ಡ ಪ್ರಮಾಣದಲ್ಲೇ ನಡೆದಿದೆ. ಹೊಂಡದ ಮಾಲೀಕ 5 ಕೊಡುತ್ತಾನೆ, ಪಕ್ಕದವನ ಬೋರ್ ಬತ್ತುತ್ತದೆ. 'ಈ ಹೊಂಡಕ್ಕೆ ನೀರು ಎಲ್ಲಿಂದ ಬರುತ್ತದೆ?' ಎಂಬ ಪ್ರಶ್ನೆಯನ್ನು ಮೆತ್ತಗೆ, ಆದರೆ ತಪ್ಪದೆ ಕೇಳಿ.

ಬೆಳೆ ವಿಮೆಗೆ ಯಾವಾಗಲೂ ಕಡಿಮೆ ಅಂಕ ಬರುತ್ತದಲ್ಲ, ಯಾಕೆ?

2016ರ ಫಸಲ್ ಬಿಮಾ ಯೋಜನೆಯಲ್ಲಿ ರೈತ ವಿಮೆ ಮೊತ್ತದಲ್ಲಿ ಮುಂಗಾರಿಗೆ ಶೇಕಡಾ 2, ಹಿಂಗಾರಿಗೆ 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ 5 ಕಟ್ಟುತ್ತಾನೆ. ಪರಿಹಾರ ನಿರ್ಧಾರ ಆಗುವುದು ಹೆಚ್ಚಾಗಿ ಇಡೀ ಪ್ರದೇಶದ ಬೆಳೆ ಕಟಾವು ಪ್ರಯೋಗದ (ಆರಿಸಿದ ಕೆಲವು ಹೊಲಗಳಲ್ಲಿ ಕೊಯ್ದು ಇಳುವರಿ ಅಳೆಯುವುದರ) ಮೇಲೆ. ಒಬ್ಬನ ಹೊಲ ಪೂರ್ತಿ ಒಣಗಿ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ಅವನಿಗೆ ಏನೂ ಬರದೆ ಹೋಗಬಹುದು. ಅವನಿಗೆ ಅದು ಮೋಸ ಅನ್ನಿಸುತ್ತದೆ. ಹಾಗಾಗಿ 'ಪರಿಹಾರ ಹೇಗೆ ಲೆಕ್ಕ ಹಾಕುತ್ತಾರೆ ಎಂದು ಯಾರಾದರೂ ನಿಮಗೆ ಹೇಳಿದ್ದಾರಾ?' ಎಂದೂ ಕೇಳಿ. ಸಿಟ್ಟು ವಿಮೆಯ ಮೇಲಾ, ಯಾರೂ ಹೇಳದೆ ಇದ್ದದ್ದರ ಮೇಲಾ ಎಂದು ಬೇರೆ ಮಾಡಬಹುದು.

ಕೆಲಸ ಶುರುವಾಗುವ ಮೊದಲು ಯಾರೂ ಸಮೀಕ್ಷೆ ಮಾಡಿರಲಿಲ್ಲ. ಈಗ ಏನು ಮಾಡುವುದು?

ಹೊಂಡ ಇರುವ ಮನೆಯನ್ನು, ಅಷ್ಟೇ ಜಮೀನು ಮತ್ತು ಅದೇ ಥರದ ಮಣ್ಣು ಇರುವ ಹೊಂಡವಿಲ್ಲದ ಮನೆಯ ಜೊತೆ ಹೋಲಿಸಿ. ಅನುಕೂಲಸ್ಥರೇ ಮೊದಲು ಹೊಂಡ ಮಾಡಿಸಿಕೊಂಡಿರುತ್ತಾರೆ ಎಂಬುದು ನೆನಪಿರಲಿ.

ಮೊಬೈಲ್ ಆಪ್‌ನಲ್ಲಿ ಮಾಡಬಹುದಾ?

ಮಾಡಬಹುದು. ಆದರೆ ತೆರೆಯ ಮೇಲೆ ಕಣ್ಣಿಟ್ಟವರಿಗೆ ಎದುರಿನ ಮುಖ ಕಾಣುವುದಿಲ್ಲ. ಇಬ್ಬರು ಹೋಗಿ. ಒಬ್ಬರು ಮಾತಾಡಲಿ, ಒಬ್ಬರು ತುಂಬಲಿ.

ಉತ್ತರ ಕೊಟ್ಟವರಿಗೆ ಏನು ಹೇಳಬೇಕು?

ಶುರುವಿಗೇ ಹೇಳಿ: ನಾವು ಸರ್ಕಾರದವರಲ್ಲ, ಇದರಿಂದ ಸಹಾಯಧನ ಬರುವುದೂ ಇಲ್ಲ, ತಪ್ಪುವುದೂ ಇಲ್ಲ, ನಿಮ್ಮ ಹೆಸರು ಎಲ್ಲೂ ಹಾಕುವುದಿಲ್ಲ. ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಹೋಗಬೇಡಿ. ಕೂಲಿಯವರ ಅರ್ಧ ದಿನ ತೆಗೆದುಕೊಂಡರೆ ಅವರ ಕೂಲಿ ಹೋಗುತ್ತದೆ. ಸಂಜೆ ಹೋಗಿ.

ಮುಗಿದ ಮೇಲೆ ವಾಪಸ್ ಹೋಗಿ ಲೆಕ್ಕ ಒಪ್ಪಿಸಬೇಕು. 'ಎಷ್ಟೋ ಜನ ಬಂದು ಬರ್ಕೊಂಡು ಹೋದ್ರಿ, ಒಬ್ರೂ ತಿರುಗಿ ಬರಲಿಲ್ಲ' ಎಂಬ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಊರಲ್ಲಿ ಕೇಳಿದ್ದೇನೆ. ಕೇಳಿದಾಗಲೆಲ್ಲ ನೋವಾಗಿದೆ. ದೊಡ್ಡ ಹಾಳೆಯಲ್ಲಿ ಬರೆದು ಗ್ರಾಮ ಸಭೆಯಲ್ಲಿ ಓದಿ. ಊರವರು ಅಲ್ಲಿ ತಿದ್ದುತ್ತಾರೆ. 'ಅದು 2018ರದ್ದಲ್ಲ, ಅದರ ಹಿಂದಿನ ವರ್ಷದ್ದು' ಅನ್ನುತ್ತಾರೆ. ತಿದ್ದಿದ್ದನ್ನೂ ಸೇರಿಸಿ. ಆಮೇಲೆ ಅದೇ ಹಾಳೆ ರೈತ ಸಂಪರ್ಕ ಕೇಂದ್ರಕ್ಕೂ ಪಿಡಿಒ ಕೈಗೂ ಹೋಗಲಿ.

ಮತ್ತೆ ಯಾವಾಗ ಕೇಳಬೇಕು?

ಪ್ರತಿ ವರ್ಷ ಬೇಡ, ಜನರಿಗೆ ಬೇಸರ ಬರುತ್ತದೆ. ಮುಂದಿನ ಕೆಟ್ಟ ವರ್ಷದ ಸುಗ್ಗಿ ಮುಗಿದ ಮೇಲೆ, ಅದೇ ಮನೆಗಳಿಗೆ, ಅದೇ ಪ್ರಶ್ನೆಗಳನ್ನು ಅದೇ ಮಾತಿನಲ್ಲಿ ಹಿಡಿದು ಹೋಗಿ. ಮೊದಲ ಸಲದ ಹಾಳೆಗಳನ್ನು ಜೋಪಾನವಾಗಿ ಇಟ್ಟಿರಿ. ಹೊಂಡದ ಹತ್ತಿರ ನಿಂತು ಮಾತು ಶುರುಮಾಡಿ, ಮೊದಲು ಪ್ಲಾಸ್ಟಿಕ್ ಹಾಳೆ ಹರಿದಿದೆಯಾ ನೋಡಿ.